ಆಟಿ ಕಳೆಯಲಿ ಎಂದ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ನಾನು ಮತ್ತು ನನ್ನ ಗಂಡ ಕುಕ್ಕುಂದೂರಿನ ನಿಮ್ಮ ಸಂಶೋಧನಾ ಕೇಂದ್ರಕ್ಕೆ ನಂಬಿ ಒಪ್ಪಿಸಿದ ನಾಲ್ಕು ಭ್ರೂಣಗಳನ್ನು ಕಳೆದ ವರ್ಷದ ಆಟಿ ತಿಂಗಳಲ್ಲಿ ನೀವು ಕೊಂದಿರಿ. ಅದಕ್ಕೆ ನಿಮಗೆ ಯಾವ ಆಯುಧವೂ ಬೇಕಾಗಲಿಲ್ಲ. ಒಂದು ಕಡತದ ಮೇಲೆ ಮೂವತ್ತೊಂದು ದಿನ ಸಹಿ ಹಾಕದೆ ಕುಳಿತಿರಿ, ಅಷ್ಟೇ ಸಾಕಾಯಿತು.

‘ಮಾನ್ಯರೇ’ ಎಂಬ ಪದವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಟೈಪ್ ಮಾಡುತ್ತಿದ್ದೇನೆ. ಕಡಿಯಾಳಿಯಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇದೆ. ರೇಷನ್ ಕಾರ್ಡಿನಿಂದ ಹಿಡಿದು ವರ್ಗಾವಣೆಯ ತನಕ ಊರವರ ಅಹವಾಲುಗಳೆಲ್ಲ ನನ್ನ ಬೆರಳುಗಳಡಿ ಹಾದುಹೋಗಿವೆ. ಇನ್ನೊಬ್ಬರಿಗಾಗಿ ಟೈಪ್ ಮಾಡುವಾಗ ಆ ಪದಕ್ಕೆ ಅರ್ಥವಿದೆಯೇ ಎಂದು ಯೋಚಿಸುವ ಪ್ರಮೇಯ ಬರುವುದಿಲ್ಲ. ಇವತ್ತು ನನಗಾಗಿ ಟೈಪ್ ಮಾಡುತ್ತಿರುವುದರಿಂದ ಹೇಳಿಬಿಡುತ್ತೇನೆ, ಮೇಲಿನ ಸಂಬೋಧನೆಯನ್ನು ರೂಢಿಗಾಗಿ ಹಾಕಿದ್ದೇನೆ. ಮನಸ್ಸಿನಲ್ಲಿ ಬೇರೆ ಪದ ಇತ್ತು. ಅದನ್ನು ಈ ಬಹಿರಂಗ ಪತ್ರ ಪ್ರಕಟಿಸುವ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಮಾಹಿತಿ ಹಕ್ಕಿನಡಿ ನಾನು ಹಾಕಿದ ಅರ್ಜಿಗೆ ಮೊದಲ ಸಲ ‘ಮಾಹಿತಿ ಲಭ್ಯವಿಲ್ಲ’ ಎಂದಿರಿ. ಮೇಲ್ಮನವಿ ಹಾಕಿದ ಮೇಲೆ, ಆರು ತಿಂಗಳ ನಂತರ, ಎರಡು ವಾಕ್ಯಗಳ ಉತ್ತರ ಬಂತು. ಮೊದಲನೆಯದು: ‘ಸದರಿ ಸಂಶೋಧನೆಯಲ್ಲಿ ಭ್ರೂಣಗಳು ಹೇಗೂ ನಾಶವಾಗತಕ್ಕವುಗಳಾದ್ದರಿಂದ ದಾನಿಗೆ ಯಾವುದೇ ನಷ್ಟ ಉಂಟಾಗಿರುವುದಿಲ್ಲ.’ ಎರಡನೆಯದು: ‘ದಾನಿಯ ಮೌಖಿಕ ಒಪ್ಪಿಗೆಯ ಮೇರೆಗೆ ಪ್ರಕ್ರಿಯೆಯನ್ನು ಮುಂದೂಡಲಾಗಿದೆ.’ ಎರಡನೆಯದು ನಿಜ. ಅದರ ಬಗ್ಗೆ ಆಮೇಲೆ ಬರುತ್ತೇನೆ, ತಪ್ಪಿಸಿಕೊಂಡು ಓಡುವುದಿಲ್ಲ. ಮೊದಲನೆಯದಕ್ಕೆ ಈಗಲೇ ಉತ್ತರ ಕೊಡಬೇಕು. ನೀವು ಬೆಳ್ಮಣ್ ಕಡೆಯವರು, ಭತ್ತದ ಗದ್ದೆ ನೋಡಿಯೇ ಬೆಳೆದವರು ಎಂದು ಕೇಳಿದ್ದೇನೆ. ಬಿತ್ತಿದ ಭತ್ತವೂ ಭತ್ತವಾಗಿ ಉಳಿಯುವುದಿಲ್ಲ, ಚರಂಡಿಗೆ ಚೆಲ್ಲಿದ ಭತ್ತವೂ ಉಳಿಯುವುದಿಲ್ಲ. ಎರಡೂ ಒಂದೇ ಎಂದು ನಿಮ್ಮ ಅಜ್ಜನ ಎದುರು ಹೇಳಿದ್ದರೆ ನಿಮ್ಮ ಬೆನ್ನು ಏನಾಗುತ್ತಿತ್ತು? ಆ ಅಜ್ಜ ಇಲ್ಲದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಆ ನಾಲ್ಕು ಎಲ್ಲಿಂದ ಬಂದವು ಎಂದು ಓದುಗರಿಗೆ ತಿಳಿಯಬೇಕು. ನನ್ನ ಗಂಡ ದೇವದಾಸ ಕಾಪುವಿನ ಒಂದು ಐಸ್ ಪ್ಲಾಂಟಿನಲ್ಲಿ ಮೇಸ್ತ್ರಿ. ಮದುವೆಯಾಗಿ ಹನ್ನೊಂದು ವರ್ಷ ನಮಗೆ ಮಕ್ಕಳಿರಲಿಲ್ಲ. ಮಣಿಪಾಲದ ವೈದ್ಯರ ಕೈಗುಣದಿಂದ, ಬಟ್ಟಲಿನಲ್ಲಿ ಭ್ರೂಣ ಮಾಡಿ ಗರ್ಭಕ್ಕಿಡುವ ವಿಧಾನದಿಂದ, 2004ರಲ್ಲಿ ಮೋಕ್ಷಾ ಹುಟ್ಟಿದಳು. ಅವಳ ಜೊತೆ ಅದೇ ದಿನ ಅದೇ ಬಟ್ಟಲಿನಲ್ಲಿ ರೂಪುಗೊಂಡ ಇನ್ನೂ ನಾಲ್ಕು ಭ್ರೂಣಗಳು ಶೈತ್ಯದಲ್ಲಿ ಉಳಿದವು. ನನ್ನ ಆರೋಗ್ಯದ ಸ್ಥಿತಿಯಲ್ಲಿ ಇನ್ನೊಂದು ಹೆರಿಗೆ ಸಾಧ್ಯವಿರಲಿಲ್ಲ. ಪ್ರತಿ ವರ್ಷ ಆಸ್ಪತ್ರೆಯಿಂದ ಒಂದು ನಮೂನೆ ಬರುತ್ತಿತ್ತು, ಇಟ್ಟುಕೊಳ್ಳಬೇಕೇ, ವಿಲೇವಾರಿ ಮಾಡಬೇಕೇ ಎಂದು ಕೇಳಿ. ವಿಲೇವಾರಿ ಎಂಬ ಪದವನ್ನು ನಾನು ಸಾವಿರ ಸಲ ಟೈಪ್ ಮಾಡಿದ್ದೇನೆ, ಆ ನಮೂನೆಯಲ್ಲಿ ಅದನ್ನು ಓದಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಅವು ಮಕ್ಕಳೇ ಎಂದು ನಾನು ಹೇಳುವುದಿಲ್ಲ. ಏನೂ ಅಲ್ಲ ಎಂದು ಹೇಳುವಷ್ಟು ಗಟ್ಟಿ ಹೃದಯವೂ ನನಗಿಲ್ಲ. ನಾಲ್ಕು ವರ್ಷ ಇಟ್ಟುಕೊಳ್ಳುತ್ತೇವೆ ಎಂಬ ಕಡೆಗೇ ಗುರುತು ಹಾಕಿ ಕಳಿಸಿದೆ.

ಅಷ್ಟರಲ್ಲಿ ನನ್ನ ತಮ್ಮ ಸರ್ವೋತ್ತಮನ ಕಣ್ಣು ಕೈಕೊಡತೊಡಗಿತು. ಉಡುಪಿಯಿಂದ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸನ್ನು ಅವನು ಹದಿನಾಲ್ಕು ವರ್ಷ ಓಡಿಸಿದ. ಒಂದು ದಿನ ರಸ್ತೆಯ ನಡುವಿನ ಬಿಳಿ ಗೆರೆ ಅವನಿಗೆ ವಕ್ರವಾಗಿ ಕಂಡಿತು. ಗೆರೆ ಬಳಿದವರ ತಪ್ಪು ಎಂದುಕೊಂಡ. ಮರುವಾರ ಬೆಳ್ಮಣ್ ಸ್ಟಾಪಿನಲ್ಲಿ ನಿಂತವರ ಮುಖದ ಜಾಗದಲ್ಲಿ ಮಸಿ ಒರೆಸಿದಂತೆ ಕಂಡಿತು, ಅಕ್ಕಪಕ್ಕದ ಮರ ಮಾತ್ರ ಸರಿ ಇತ್ತು. ಆ ಟ್ರಿಪ್ಪನ್ನು ಹೇಗೋ ಮುಗಿಸಿ, ಕಾರ್ಕಳ ಸ್ಟ್ಯಾಂಡಿನಲ್ಲಿ ಕೀಲಿಕೈಯನ್ನು ಮಾಲಕರ ಕೈಗೆ ಕೊಟ್ಟು, ತನ್ನದೇ ಬಸ್ಸಿನಲ್ಲಿ ಟಿಕೇಟು ತೆಗೆದು ಬೆಳ್ಮಣ್ಣಿನ ತನ್ನ ಮನೆಗೆ ಬಂದ. ಕಣ್ಣಿನ ಹಿಂದಿನ ಪರದೆ ಸಾಯುವ ಕಾಯಿಲೆ ಎಂದರು ವೈದ್ಯರು. ನಮ್ಮ ಸೋದರಮಾವನಿಗೂ ಅದೇ ಇತ್ತು. ಔಷಧವಿಲ್ಲ, ಮುಂದಿನ ಮಳೆಗಾಲದ ತನಕ ಬದಿಗಣ್ಣಿನ ನೋಟ ಉಳಿಯಬಹುದು ಎಂದರು. ಅದು 2008ರ ಮೇ ತಿಂಗಳು.

ನಿಮ್ಮ ಕೇಂದ್ರದ ವಿಜ್ಞಾನಿ ಡಾಕ್ಟರ್ ಜೆರ್ಟ್ರೂಡ್ ಅವರ ಪರಿಚಯವಾದದ್ದು ಆಗಲೇ. ಅವರ ಒಂದು ವರದಿಯನ್ನು ಟೈಪ್ ಮಾಡಲು ನನ್ನಲ್ಲಿಗೆ ಕಳಿಸಿದ್ದರು. ಭ್ರೂಣದಿಂದ ಕಣ್ಣಿನ ಜೀವಕೋಶ ಬೆಳೆಸುವ ಮಾತು ಕಂಡು ನಾನು ಕೈ ನಿಲ್ಲಿಸಿ ಪೂರ್ತಿ ಓದಿದೆ, ಮಾರನೆಯ ದಿನವೇ ತಮ್ಮನನ್ನು ಕರೆದುಕೊಂಡು ಕುಕ್ಕುಂದೂರಿಗೆ ಹೋದೆ. ನಮ್ಮ ನಾಲ್ಕು ಭ್ರೂಣಗಳ ವಿಷಯ ಹೇಳಿದೆ. ಆಕೆ ಒಂದು ಸುಳ್ಳನ್ನೂ ಹೇಳಲಿಲ್ಲ.

“ನೋಡಿ ವಾರಿಜಕ್ಕ, ಐದು ದಿನದ ಭ್ರೂಣ ಅಂದರೆ ಪುಡಿ ಉಪ್ಪಿನ ಒಂದು ಹರಳಿಗಿಂತ ಚಿಕ್ಕದು. ಒಳಗೆ ಒಂದಿಷ್ಟು ಕೋಶ ಉಂಟು, ತಾವು ಎಂತ ಆಗಬೇಕು ಅಂತ ಅವಕ್ಕೆ ಇನ್ನೂ ನಿಶ್ಚಯ ಆಗಿರುವುದಿಲ್ಲ. ಹೃದಯ ಆಗಬಹುದು, ನರ ಆಗಬಹುದು, ಕಣ್ಣೂ ಆಗಬಹುದು. ನಾವು ಅವನ್ನು ಹೊರಗೆ ತೆಗೆದು ಸಾಕುತ್ತೇವೆ. ಆಮೇಲೆ ಕಣ್ಣಿನ ಕೋಶ ಆಗುವ ಹಾಗೆ ದಾರಿ ಮಾಡಿ ಕೊಡುತ್ತೇವೆ. ಭ್ರೂಣ ಉಳಿಯುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ.”

“ಇವನಿಗೆ ದೃಷ್ಟಿ ಬರ್ತದಾ?” ಎಂದೆ.

“ಇಲ್ಲ. ಇವರಿಗೆ ಇಲ್ಲ. ಮುಂದೆ ಯಾರಿಗೋ, ಎಷ್ಟೋ ವರ್ಷದ ಮೇಲೆ. ನಿಮ್ಮ ಕುಟುಂಬದ ಕಾಯಿಲೆ ಈ ಭ್ರೂಣಗಳಲ್ಲೂ ಇರಬಹುದು. ಇದ್ದರೆ ಅದು ಹೇಗೆ ಶುರುವಾಗ್ತದೆ ಅಂತ ಬಟ್ಟಲಿನಲ್ಲೇ ನೋಡಲಿಕ್ಕೆ ಸಿಗ್ತದೆ. ಅದು ಇದುವರೆಗೆ ಯಾರೂ ನೋಡಿಲ್ಲ.”

ಸರ್ವೋತ್ತಮ ಮುಖವನ್ನು ಒಂದು ಬದಿಗೆ ಓರೆ ಮಾಡಿ, ಕಣ್ಣಂಚಿನಿಂದ ಆಕೆಯನ್ನು ನೋಡುತ್ತಿದ್ದ. ಆಗ ಅವನು ಎಲ್ಲರನ್ನೂ ನೋಡುತ್ತಿದ್ದುದು ಹಾಗೆಯೇ. “ಬಸ್ಸಿನ ಹಾಗೆ ಅಲ್ವಾ ಡಾಕ್ಟ್ರೇ?” ಎಂದ. “ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲಾ ಬಸ್ಸೂ ಒಂದೇ. ಬೋರ್ಡ್ ಹಾಕಿದ ಮೇಲೆ ಒಂದು ಕಾರ್ಕಳಕ್ಕೆ ಹೋಗ್ತದೆ, ಒಂದು ಕಾಪುಗೆ. ಈ ಕೋಶಕ್ಕೆ ಬೋರ್ಡ್ ಹಾಕುವುದು ಯಾರು?”

“ಅದನ್ನು ಕಲಿಯಲಿಕ್ಕೇ ಈ ಕೆಲಸ ಮಾರಾಯ್ರೇ” ಎಂದು ಆಕೆ ನಕ್ಕರು. ಕಣ್ಣಿನ ಪರದೆಗೆ ಉಣಿಸುವ ಕೋಶಗಳು ಕಂದು ಬಣ್ಣದವು, ಬಿಳಿ ಬಟ್ಟಲಿನಲ್ಲಿ ಅವು ಹುಟ್ಟಿಕೊಂಡಾಗ ಕರಿ ಚುಕ್ಕೆಗಳಂತೆ ಬರಿಗಣ್ಣಿಗೇ ಕಾಣುತ್ತವೆ ಎಂದರು. ಜುಲೈಯಲ್ಲಿ ಭ್ರೂಣಗಳನ್ನು ಶೈತ್ಯದಿಂದ ತೆಗೆದರೆ, ಎಲ್ಲ ಸರಿಯಾದರೆ, ಕ್ರಿಸ್‌ಮಸ್ಸಿನ ಒಳಗೆ ಚುಕ್ಕೆ ಮೂಡಬಹುದು. ನಾಲ್ಕರಲ್ಲಿ ಒಂದು ಬದುಕಿದರೂ ಸಾಕು.

ಸರ್ವೋತ್ತಮ, “ಆ ಚುಕ್ಕೆಯನ್ನು ನನಗೆ ತೋರಿಸ್ತೀರಾ? ನನ್ನ ಕಣ್ಣು ಹೋಗುವ ಮೊದಲು?” ಎಂದ.

“ಮೊದಲ ಚುಕ್ಕೆ ಬಂದ ದಿನ ಫೋನ್ ಮಾಡ್ತೇನೆ. ಎಲ್ಲಿದ್ದರೂ ಬಸ್ಸು ಹತ್ತಿ ಬನ್ನಿ.”

ನನ್ನ ತಮ್ಮ ಕೇಳಿದ್ದು ಇಷ್ಟೇ, ಮಾನ್ಯರೇ. ಗುಣ ಮಾಡಿ ಎಂದು ಕೇಳಲಿಲ್ಲ, ಪರಿಹಾರ ಕೇಳಲಿಲ್ಲ. ತನ್ನ ಕಣ್ಣಿನೊಳಗೆ ಸಾಯುತ್ತಿದ್ದ ವಸ್ತು ನೋಡಲು ಹೇಗಿರುತ್ತದೆ, ಅದು ಹೊಸದಾಗಿ ಹುಟ್ಟುವಾಗ ಹೇಗಿರುತ್ತದೆ ಎಂದು ಒಂದು ಸಲ ನೋಡಿ ಕಣ್ಣು ಮುಚ್ಚುತ್ತೇನೆ ಎಂದ. ಮನೆಗೆ ಬಂದು ನಾನೂ ದೇವದಾಸನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಆ ನಾಲ್ಕರ ಬಗ್ಗೆ ಯೋಚಿಸುವಾಗ ನನ್ನ ಎದೆ ಹಗುರವಾಗಿತ್ತು.

ಜೂನ್ ಕೊನೆಯಲ್ಲಿ ಭ್ರೂಣಗಳು ಮಣಿಪಾಲದಿಂದ ನಿಮ್ಮಲ್ಲಿಗೆ ಬಂದವು, ದ್ರವ ಸಾರಜನಕ ತುಂಬಿದ ಒಂದು ಅಲ್ಯೂಮಿನಿಯಂ ಕ್ಯಾನಿನಲ್ಲಿ. ಪಶು ಆಸ್ಪತ್ರೆಯಲ್ಲಿ ದನಗಳ ಗರ್ಭಧಾರಣೆಗೆ ಬಳಸುವ, ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುವ ಕ್ಯಾನನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆ ದ್ರವ ದಿನದಿನವೂ ಆವಿಯಾಗುತ್ತದೆ, ಮತ್ತೆ ಮತ್ತೆ ತುಂಬಬೇಕು. ಡಾಕ್ಟರ್ ಜೆರ್ಟ್ರೂಡ್ ಜುಲೈ ಹದಿನೆಂಟಕ್ಕೆ ದಿನ ಗೊತ್ತು ಮಾಡಿ ನಿಮ್ಮ ಮುಂದೆ ಕಡತ ಇಟ್ಟರು. ಮೊದಲ ಹಾಳೆಯಲ್ಲಿ ಭ್ರೂಣಗಳನ್ನು ಹೊರತೆಗೆಯಲು ಅನುಮತಿ, ಎರಡನೆಯ ಹಾಳೆಯಲ್ಲಿ ಸಾರಜನಕ ತರಿಸುವ ಬೇಡಿಕೆ. ಎರಡಕ್ಕೂ ಒಂದೇ ಸಹಿ ಸಾಕಿತ್ತು.

ಜುಲೈ ಹದಿನೇಳಕ್ಕೆ ಆಟಿ ಹಿಡಿಯಿತು. ಘಟ್ಟದ ಮೇಲಿನ ಓದುಗರಿಗೆ ಹೇಳಬೇಕಾದರೆ, ಅಲ್ಲಿಂದ ಆಗಸ್ಟ್ ನಡುವಿನ ತನಕ ತುಳುವರ ಆಟಿ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಯಾವ ಶುಭಕಾರ್ಯಕ್ಕೂ ಕೈ ಹಾಕುವುದಿಲ್ಲ. ನಾನೂ ಆಟಿಯಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚಿದವಳಲ್ಲ. ಆದರೆ ಇಂಗ್ಲಿಷಿನಲ್ಲಿ ಬೋರ್ಡು ಬರೆಸಿ, ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ವಿಜ್ಞಾನ ಕೇಂದ್ರದ ಆಡಳಿತಾಧಿಕಾರಿಯೂ ಕಡತವನ್ನು ಆಟಿಗೆ ಕಟ್ಟಿಹಾಕುತ್ತಾರೆ ಎಂದು ಯಾರು ಊಹಿಸಿದ್ದರು? ಹೊಸ ಜೀವಕ್ಕೆ ಸಂಬಂಧಿಸಿದ ಕೆಲಸ, ಕೇಂದ್ರದ ಮೊದಲ ಪ್ರಯೋಗ, ಆಟಿ ಕಳೆಯಲಿ ಎಂದಿರಿ. ಹೇಗೂ ಒಂದು ತಿಂಗಳು ಖಾಲಿ ಎಂದು ಡಾಕ್ಟರ್ ಜೆರ್ಟ್ರೂಡ್ ಅವರನ್ನು ಪುಣೆಗೆ ತರಬೇತಿಗೆ ಅಟ್ಟಿದಿರಿ. ಸಾರಜನಕದ ಬೇಡಿಕೆಯನ್ನಾದರೂ ಬೇರೆ ಮಾಡಿ ಕಳಿಸಿ ಎಂದು ಆಕೆ ಹೋಗುವ ಮುನ್ನ ಲಿಖಿತವಾಗಿ ಕೇಳಿದ್ದರು. ಆ ಚೀಟಿ ಕಡತದಲ್ಲಿ ಮೂರನೆಯ ಹಾಳೆಯಾಗಿ ಇವತ್ತಿಗೂ ಇದೆ, ಪ್ರತಿ ನನ್ನ ಬಳಿ ಇದೆ.

ಆಟಿಯಲ್ಲಿ ನಿಮ್ಮ ಪೆನ್ನು ಪೂರ್ತಿ ಉಪವಾಸವಿತ್ತು ಎಂದು ಯಾರೂ ತಿಳಿಯಬಾರದು. ಆ ತಿಂಗಳಲ್ಲಿ ನೀವು ಸಹಿ ಹಾಕಿದ ಕಡತಗಳ ಪಟ್ಟಿಯನ್ನೂ ತರಿಸಿದ್ದೇನೆ. ಧ್ವಜಸ್ತಂಭಕ್ಕೆ ಬಣ್ಣ, ಅತಿಥಿ ಕೋಣೆಗೆ ಪರದೆ, ಸ್ವಾತಂತ್ರ್ಯ ದಿನದ ಲಾಡು, ನಿಮ್ಮ ಸ್ವಂತ ರಜೆ. ಕಿಟಕಿಯ ಪರದೆಗೆ ಆಟಿ ಅಡ್ಡಬರಲಿಲ್ಲ, ಕಣ್ಣಿನ ಪರದೆಗೆ ಮಾತ್ರ ಬಂತು.

ನಿಮ್ಮ ಕೇಂದ್ರದ ಕಾವಲಿಗೆ ಈಶಪ್ಪ ಎಂಬವರಿದ್ದರು. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ನಿಮ್ಮದೇ ಕಟ್ಟಡಕ್ಕೆ ಕಲ್ಲು ಹೊತ್ತು, ಅದು ಮುಗಿದ ಮೇಲೆ ಅದರ ಬಾಗಿಲಲ್ಲೇ ಕಾವಲಿಗೆ ನಿಂತವರು. ದಿನಾ ಬೆಳಿಗ್ಗೆ ಕ್ಯಾನಿನೊಳಗೆ ಒಂದು ಮರದ ಕೋಲು ಇಳಿಸಿ, ಎತ್ತಿ ಗಾಳಿಯಲ್ಲಿ ಬೀಸಿ, ಎಲ್ಲಿಯ ತನಕ ಹಿಮ ಕಟ್ಟಿದೆ ಎಂದು ನೋಡಿ ಗೆರೆ ಎಳೆಯುವುದನ್ನು ಡಾಕ್ಟರ್ ಪುಣೆಗೆ ಹೋಗುವ ಮುನ್ನ ಈಶಪ್ಪನವರಿಗೆ ಕಲಿಸಿದ್ದರು. ಆ ಕೋಲು ಈಗ ನನ್ನ ಮೇಜಿನ ಮೇಲಿದೆ. ಬಡಗಿಯ ಪೆನ್ಸಿಲಿನಲ್ಲಿ ಎಳೆದ ಗೆರೆ, ಪಕ್ಕದಲ್ಲಿ ತಾರೀಖು. ಪ್ರತಿ ಗೆರೆಯೂ ಹಿಂದಿನದಕ್ಕಿಂತ ಕೆಳಗೆ. ಗೆರೆ ಅಂಗೈ ಅಗಲಕ್ಕೆ ಇಳಿದಾಗ ಅವರು ನಿಮ್ಮ ಕೋಣೆಗೆ ಬಂದರು. ಮುಂದೆ ನಡೆದ ಮಾತನ್ನು ಅವರೇ ಹೇಳಿದಂತೆ ಬರೆಯುತ್ತೇನೆ:

“ನಾ ಹೇಳ್ದೆ, ಸಾಹೇಬ್ರ, ಔಷದ ತಳಕ್ಕ ಮುಟ್ಟೇತ್ರಿ. ದನದ ದವಾಖಾನ್ಯಾಗೂ ಇದ ಇರ್ತೈತಿ, ಒಂದ್ ಚೀಟಿ ಬರ್ದ ಕೊಡ್ರಿ, ಸೈಕಲ್ ಮ್ಯಾಲೆ ಹೋಗಿ ತರ್ತೀನಿ ಅಂದೆ. ಅವ್ರು ಪೇಪರ್‌ನ್ಯಾಗಿಂದ ಮಕಾ ಎತ್ಲಿಲ್ರಿ. ‘ಆಟಿ ಕಳೀಲಿ ಮಾರಾಯ, ಎಲ್ಲಾ ಒಟ್ಟಿಗೆ ತರಿಸುವ’ ಅಂದ್ರು. ಯಾವ ಆಟೀರಿ ಅದು? ನಮ್ಮೂರಾಗ ಹಂಗಂದ್ರ ಹುಡುಗ್ರು ಆಡೂದು. ನಾ ತಿಳಿದೆ, ಕ್ರಿಕೆಟ್ ನಡದೈತೇನೋ ಅಂತ.”

ಆ ವಾರದಲ್ಲಿ ಮೂರು ಸಲ ಬಂದು ಕೇಳಿದರಂತೆ. ಮೂರನೆಯ ಸಲ ನೀವು, ದಿನಾ ಕಿರಿಕಿರಿ ಮಾಡಿದರೆ ಬೇರೆ ಕೆಲಸ ನೋಡಿಕೊ ಎಂದಿರಿ. ಆಗಸ್ಟ್ ಒಂಬತ್ತರಂದು ಕೋಲು ಒಣಗಿಯೇ ಮೇಲೆ ಬಂತು. ಆ ದಿನದ ಪಕ್ಕದಲ್ಲಿ ಈಶಪ್ಪ ಗೆರೆ ಎಳೆದಿಲ್ಲ, ತಾರೀಖು ಮಾತ್ರ ಇದೆ.

ಇದನ್ನು ಕೇಳಿದಾಗ ದೇವದಾಸ ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು ಹೇಳಿದ ಮಾತನ್ನು ತುಳುವಿನಿಂದ ಕನ್ನಡ ಮಾಡಿದ್ದೇನೆ: “ನಮ್ಮ ಪ್ಲಾಂಟಿನಲ್ಲಿ ಮೆಷಿನ್ ಅರ್ಧ ಗಂಟೆ ನಿಂತರೆ ಬೋಟಿನವರು ನನ್ನ ಕುತ್ತಿಗೆ ಹಿಡಿಯುತ್ತಾರೆ. ಬಂಗುಡೆ ಮೀನಿಗೆ ಇರುವ ಮರ್ಯಾದೆ ನನ್ನ ಮಕ್ಕಳಿಗೆ ಇರಲಿಲ್ಲ.” ನಾವಿಬ್ಬರೂ ಅವುಗಳನ್ನು ಮಕ್ಕಳು ಎಂದು ಅದುವರೆಗೆ ಒಮ್ಮೆಯೂ ಕರೆದಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಆ ತಿಂಗಳು ಅವನ ಪ್ಲಾಂಟು ಬಂದ್ ಆಗಿತ್ತು, ಅವನು ಮನೆಯಲ್ಲಿ ಕೈಕಟ್ಟಿ ಕುಳಿತಿದ್ದ. ಒಂದು ಫೋನು ಬಂದಿದ್ದರೆ ಮಂಗಳೂರಿನಿಂದ ತಾನೇ ಸಾರಜನಕ ಹೊತ್ತು ತರುತ್ತಿದ್ದ. ಕೇಳುವವರು ಇರಲಿಲ್ಲ.

ಆಗಸ್ಟ್ ಹದಿನೆಂಟು, ಸೋಮವಾರ. ಆಟಿ ಕಳೆದಿತ್ತು. ಪ್ರಯೋಗಾಲಯದ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ್ದಿರಿ. ಡಾಕ್ಟರ್ ಜೆರ್ಟ್ರೂಡ್ ಹಿಂದಿನ ಸಂಜೆಯಷ್ಟೇ ಪುಣೆಯಿಂದ ಇಳಿದಿದ್ದರು. ನನ್ನನ್ನೂ ಸರ್ವೋತ್ತಮನನ್ನೂ ಕರೆಸಿದ್ದಿರಿ, ಫೋಟೋಕ್ಕೆ. ನೀವು ತೆಂಗಿನಕಾಯಿ ಒಡೆದಿರಿ, ದೀಪ ಹಚ್ಚಿದಿರಿ, ಎರಡು ಮಾತು ಆಡಿದಿರಿ. ನಿಮ್ಮ ಎರಡು ಮಾತು ಇಪ್ಪತ್ತೈದು ನಿಮಿಷ ನಡೆಯಿತು. ವಿಜ್ಞಾನ ಮತ್ತು ಸಂಸ್ಕೃತಿ ಕೈ ಕೈ ಹಿಡಿದು ನಡೆಯಬೇಕು ಎಂದಿರಿ. ಆಮೇಲೆ ಡಾಕ್ಟರ್ ಕೈಗವಸು ತೊಟ್ಟು ಕ್ಯಾನಿನ ಮುಚ್ಚಳ ಎತ್ತಿದರು. ಹೊಗೆ ಬರಲಿಲ್ಲ. ಆಕೆ ಬಗ್ಗಿ ಒಳಗೆ ನೋಡಿದರು, ಕೈಗವಸು ಕಳಚಿ ಬರಿಗೈಯನ್ನೇ ಒಳಗೆ ಇಳಿಸಿದರು. ಒಳಗೆ ಜೀವ ಇದ್ದಿದ್ದರೆ ಆ ಶೈತ್ಯಕ್ಕೆ ಅವರ ಬೆರಳು ಸುಟ್ಟುಹೋಗಬೇಕಿತ್ತು. ಕೈ ಹಾಗೆಯೇ ಹೊರಗೆ ಬಂತು. “ಬೆಚ್ಚಗುಂಟು” ಎಂದರು. ಫೋಟೋದವನು ಆ ಕ್ಷಣವನ್ನೂ ತೆಗೆದ.

ಸರ್ವೋತ್ತಮ ಕಣ್ಣಂಚಿನಿಂದ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, “ಎಂತ ಆಯ್ತಕ್ಕ? ಯಾಕೆ ಯಾರೂ ಮಾತಾಡುವುದಿಲ್ಲ?” ಎಂದು ಕೇಳಿದ. ನೀವು ಬಾಗಿಲ ಕಡೆ ನಡೆದಿರಿ. ನಾನೇ ಹೇಳಬೇಕಾಯಿತು.

ಮರುವಾರ ವಿಚಾರಣಾ ಸಮಿತಿ ಕುಳಿತಿತು. ಕಾವಲುಗಾರನ ನಿರ್ಲಕ್ಷ್ಯ ಎಂದು ವರದಿ ಬರೆಯಿತು, ಈಶಪ್ಪ ಕೆಲಸ ಕಳೆದುಕೊಂಡರು. ಅವರೀಗ ಕಾರ್ಕಳದಲ್ಲಿ ಮತ್ತೆ ಕಲ್ಲು ಹೊರುತ್ತಿದ್ದಾರೆ. ಸಮಿತಿಯ ಅಧ್ಯಕ್ಷರು ಯಾರು? ನೀವೇ.

ಈಗ ಆಟಿಯ ವಿಷಯ. ನೀವು ಸಂಪ್ರದಾಯಸ್ಥರು, ನಾನು ನಾಸ್ತಿಕಳು ಎಂದು ಊರಲ್ಲಿ ಹೇಳಿಸುತ್ತಿದ್ದೀರಿ. ಹಾಗಾದರೆ ಸಂಪ್ರದಾಯವನ್ನೇ ಮಾತಾಡೋಣ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಏನು ಕುಡಿಯುತ್ತೀರಿ? ಪಾಲೆ ಮರದ ಕಷಾಯ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಮನೆಯವರೆಲ್ಲ ಮುಖ ಕಿವುಚಿಕೊಂಡು ಕುಡಿಯುವ ಕಹಿ. ಯಾಕೆ? ಅದು ಮದ್ದು. ಆಟಿಯಲ್ಲಿ ಮನೆ ಮನೆಗೆ ಕಳೆಂಜ ವೇಷ ಕುಣಿಯುತ್ತಾ ಬರುವುದು ಯಾಕೆ? ಊರಿನ ಮಾರಿ ಕಳೆಯುವುದಕ್ಕೆ. ಮಳೆಗೆ ಕಾಯಿಲೆ ಹೆಚ್ಚು, ಅನ್ನ ಕಡಿಮೆ, ಸಾವು ಹತ್ತಿರ ಎಂದು ತಿಳಿದ ನಮ್ಮ ಹಿರಿಯರು ಆ ತಿಂಗಳಲ್ಲಿ ಮದುವೆ ಬೇಡ, ಮದ್ದು ಬೇಕು ಎಂದಿಟ್ಟರು. ಅವರ ಲೆಕ್ಕದಲ್ಲಿ ಮದ್ದಿನ ಕೆಲಸಕ್ಕೆ ಆಟಿಗಿಂತ ಪ್ರಶಸ್ತ ತಿಂಗಳಿಲ್ಲ. ನಿಮ್ಮ ಮುಂದೆ ಇದ್ದ ಕಡತದಲ್ಲಿ ಮದುವೆ ಇರಲಿಲ್ಲ, ಮದ್ದು ಇತ್ತು. ಹುಟ್ಟಿದ ಊರಿನ ಆಚಾರವನ್ನೂ ಸರಿಯಾಗಿ ಕಲಿಯದೆ, ವಿಜ್ಞಾನವನ್ನೂ ಕಲಿಯದೆ, ಎರಡರ ಹೆಸರಿನಲ್ಲೂ ಕುರ್ಚಿ ಬಿಸಿ ಮಾಡಿದಿರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ ಎಂದರೆ ಸಾಲದು. ಹಗೆ ಇದೆ. ಬರೆದು ಸಹಿ ಹಾಕಿ ಹೇಳುವಷ್ಟು ಇದೆ.

ನಿಮ್ಮ ಉತ್ತರದ ಎರಡನೆಯ ವಾಕ್ಯಕ್ಕೆ ಬರುತ್ತೇನೆ. ‘ದಾನಿಯ ಮೌಖಿಕ ಒಪ್ಪಿಗೆ.’ ಜುಲೈ ಹದಿನಾರು, ಬುಧವಾರ, ಸಂಜೆ ಐದೂವರೆಗೆ ನೀವು ನನ್ನ ಶಾಲೆಗೆ ಫೋನ್ ಮಾಡಿದಿರಿ. ಹಿಂದೆ ಹದಿನೆಂಟು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ನಾನು ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದೆ. “ಅಮ್ಮ, ನಾಳೆಯಿಂದ ಆಟಿ ಅಲ್ವಾ? ನಿಮಗೂ ಗೊತ್ತುಂಟು. ಒಂದು ತಿಂಗಳು ಬಿಟ್ಟು ಮಾಡಿದರೆ ಎಂತ ತೊಂದರೆ? ಒಳ್ಳೆಯದಕ್ಕೇ ಹೇಳುವುದು” ಎಂದಿರಿ. ನಾನು ನಕ್ಕೆ. ನಕ್ಕು, “ಆಯ್ತು” ಎಂದೆ.

ಹೌದು, ಎಂದೆ. ಕ್ರಿಸ್‌ಮಸ್ಸಿನ ಬದಲು ಜನವರಿ ಎಂದು ಮನಸ್ಸಿನಲ್ಲೇ ಎಣಿಸಿದೆ, ತಮ್ಮನ ಕಣ್ಣು ಮುಂದಿನ ಮಳೆಗಾಲದ ತನಕ ಇರುತ್ತದೆ ಎಂದುಕೊಂಡೆ. ಅಧಿಕಾರಿಯೊಬ್ಬರು ವಿನಯದಿಂದ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ನನ್ನ ಒಳಗಿನ ಯಾವುದೋ ಮೂಲೆಗೂ ಆಟಿಯಲ್ಲಿ ಬೇಡ ಎಂದೇ ಅನಿಸಿತ್ತು. ಊರಿನ ಅರ್ಜಿಗಳನ್ನೆಲ್ಲ ತಿದ್ದಿ ಕೊಡುವವಳು, ಬಾಯಿಮಾತನ್ನು ನಂಬಬೇಡಿ, ಬರೆಸಿ ತನ್ನಿ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು, ನನ್ನದೇ ಸರದಿ ಬಂದಾಗ ಒಂದು ಬಾಯಿಮಾತಿಗೆ ಎಲ್ಲವನ್ನೂ ಬಿಟ್ಟುಕೊಟ್ಟೆ. ಕ್ಯಾನಿಗೆ ಸಾರಜನಕ ತುಂಬಿಸಿದ್ದೀರಾ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಈ ಒಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಅಡುಗೆ ಮಾಡುವಾಗ, ಬಸ್ಸು ಕಾಯುವಾಗ, ಮೋಕ್ಷಾಳ ತಲೆ ಬಾಚುವಾಗ ಎಷ್ಟು ಸಲ ಗಟ್ಟಿಯಾಗಿ ಕೇಳಿದ್ದೇನೋ. “ಯಾರ ಹತ್ರ ಮಾತಾಡ್ತಿ ಅಮ್ಮ?” ಎನ್ನುತ್ತಾಳೆ ಅವಳು.

ಆದರೆ ಮಾನ್ಯರೇ, ನನ್ನ ತಪ್ಪು ನಿಮ್ಮ ತಪ್ಪಿಗೆ ಕೊಡೆ ಹಿಡಿಯುವುದಿಲ್ಲ. ನಾನು ಒಪ್ಪಿದ್ದು ಕೆಲಸವನ್ನು ಒಂದು ತಿಂಗಳು ತಡ ಮಾಡಲು. ನಾಲ್ಕನ್ನೂ ಒಣಗಿಸಿ ಸಾಯಿಸಿ ಎಂದು ಯಾವ ಬಾಯಿಯಿಂದ ಹೇಳಿದ್ದೆ? ಮೌಖಿಕ ಒಪ್ಪಿಗೆಗೆ ಅಷ್ಟು ಬೆಲೆ ಕೊಡುವ ನಿಮಗೆ ಈಶಪ್ಪ ಮೂರು ಸಲ ಬಂದು ಮೌಖಿಕವಾಗಿ ಹೇಳಿದ್ದು ಯಾಕೆ ಕೇಳಿಸಲಿಲ್ಲ?

ಸರ್ವೋತ್ತಮನ ಕಣ್ಣು ಈ ಮೇ ತಿಂಗಳಲ್ಲಿ ಪೂರ್ತಿ ಹೋಯಿತು, ವೈದ್ಯರು ಹೇಳಿದ ಗಡುವಿಗೆ ಸರಿಯಾಗಿ. ಈಗ ಅವನು ಮುಖ ಓರೆ ಮಾಡುವುದಿಲ್ಲ, ನೇರ ನನ್ನ ಕಡೆಗೇ ತಿರುಗಿ ಮಾತಾಡುತ್ತಾನೆ, ಅದು ನನಗೆ ಸಹಿಸಲು ಆಗುವುದಿಲ್ಲ. ಕಳೆದ ವಾರ ಕೇಳಿದ, “ಅಕ್ಕ, ಆ ಚುಕ್ಕೆ ದೊಡ್ಡದಿರ್ತಿತ್ತಾ? ಗಸಗಸೆಯಷ್ಟಾ, ಎಳ್ಳಿನಷ್ಟಾ?” ನನಗೆ ಗೊತ್ತಿಲ್ಲ ಎಂದೆ. ನಾನೂ ನೋಡಿಲ್ಲವಲ್ಲ.

ಈಗ ನನ್ನ ಬೇಡಿಕೆ. ಮಣಿಪಾಲದಿಂದ ಇನ್ನೊಂದು ದಂಪತಿಯ ಭ್ರೂಣಗಳು ಕಳೆದ ತಿಂಗಳು ನಿಮ್ಮ ಕೇಂದ್ರಕ್ಕೆ ಬಂದಿವೆ, ಡಾಕ್ಟರ್ ಜೆರ್ಟ್ರೂಡ್ ಅವರ ಕಡತ ನಿಮ್ಮ ಮೇಜಿನ ಮೇಲಿದೆ. ಇವತ್ತು ಜುಲೈ ಹತ್ತು. ಇನ್ನೊಂದು ವಾರಕ್ಕೆ ಮತ್ತೆ ಆಟಿ. ಈ ಸಲ ಆಟಿ ಅಮಾವಾಸ್ಯೆಗೆ ಸೂರ್ಯಗ್ರಹಣವೂ ಕೂಡಿಕೊಂಡಿದೆ, ನಿಮಗೆ ನೆಪಕ್ಕೆ ಬರವಿಲ್ಲ. ಆದ್ದರಿಂದ ಆ ದಿನವನ್ನೇ ಆರಿಸಿದ್ದೇನೆ. ಜುಲೈ ಇಪ್ಪತ್ತೆರಡು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಆ ಕಡತಕ್ಕೆ ಸಹಿ ಹಾಕಬೇಕು. ತೋರಣ ಬೇಡ, ಭಾಷಣ ಬೇಡ. ಈಶಪ್ಪನವರನ್ನು ಅದಕ್ಕೆ ಮೊದಲೇ ಕೆಲಸಕ್ಕೆ ಮರಳಿ ಕರೆದಿರಬೇಕು, ಕ್ಯಾನಿನ ಪಕ್ಕದಲ್ಲಿ ಅವರು ನಿಂತಿರಬೇಕು. ಅವರ ಕೋಲನ್ನು ನಾನು ತರುತ್ತೇನೆ.

ಸರ್ವೋತ್ತಮ ನಿಮ್ಮ ಎದುರಿನ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಅವನಿಗೆ ನಿಮ್ಮ ಮುಖ ಕಾಣುವುದಿಲ್ಲ, ಅದು ನಿಮ್ಮ ಅದೃಷ್ಟ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸುತ್ತದೆ. ಆ ಸದ್ದು ಕೇಳಿಸುವ ತನಕ ಅವನು ಏಳುವುದಿಲ್ಲ, ಸಂಜೆಯಾದರೂ ಸರಿ.

ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಆ ಬಟ್ಟಲಿನಲ್ಲಿ ಮೊದಲ ಕರಿ ಚುಕ್ಕೆ ಮೂಡಿದ ದಿನ ಡಾಕ್ಟರ್ ಫೋನ್ ಮಾಡುವುದು ನನಗಲ್ಲ, ನಿಮಗೆ. ನೀವು ಬಗ್ಗಿ ಅದನ್ನು ನೋಡಬೇಕು. ನೋಡಿ, ಬಸ್ಸು ಹತ್ತಿ, ಬೆಳ್ಮಣ್ಣಿನಲ್ಲಿ ಇಳಿದು, ನನ್ನ ತಮ್ಮನ ಜಗಲಿಯಲ್ಲಿ ಕುಳಿತು, ಅದು ಗಸಗಸೆಯಷ್ಟಿತ್ತೋ ಎಳ್ಳಿನಷ್ಟಿತ್ತೋ, ಕಂದೋ ಕಪ್ಪೋ, ಒಂದೇ ಇತ್ತೋ ಗುಂಪಾಗಿತ್ತೋ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅವನು ಕೇಳಿದಷ್ಟು ಸಲ ಹೇಳಬೇಕು. ಅವನ ಕಣ್ಣು ನೋಡಬೇಕಾಗಿದ್ದನ್ನು ಇನ್ನು ನಿಮ್ಮ ಕಣ್ಣೇ ನೋಡಬೇಕು, ಬೇರೆ ದಾರಿಯನ್ನು ನೀವು ಉಳಿಸಿಲ್ಲ.

ಆಗುವುದಿಲ್ಲ ಎಂದರೆ ನನ್ನ ಶಾಲೆಯಲ್ಲಿ ಹದಿನೆಂಟು ಯಂತ್ರಗಳಿವೆ. ವಿದ್ಯಾರ್ಥಿಗಳ ಅಭ್ಯಾಸಕ್ಕೆ ದಿನಾ ಒಂದು ಪತ್ರ ಬೇಕೇ ಬೇಕು. ಜುಲೈ ಇಪ್ಪತ್ತಮೂರರಿಂದ ಅವರು ಈ ಪತ್ರವನ್ನೇ ಟೈಪ್ ಮಾಡುತ್ತಾರೆ, ತಪ್ಪಿಲ್ಲದೆ ಬರುವ ತನಕ. ತಪ್ಪಿಲ್ಲದ ಪ್ರತಿಗಳನ್ನು ನಿಮ್ಮ ಮೇಲಧಿಕಾರಿಗಳಿಗೆ, ಅವರ ಮೇಲಧಿಕಾರಿಗಳಿಗೆ, ನಿಮ್ಮ ಕುಟುಂಬದ ಹಿರಿಯರಿಗೆ, ನಿಮ್ಮ ಬೀದಿಯ ಪ್ರತಿ ಮನೆಗೆ ನಾನೇ ಅಂಚೆಗೆ ಹಾಕುತ್ತೇನೆ. ತಪ್ಪಿದ್ದವು ನಿಮಗೆ. ಹೊಸ ತಂಡ ಪ್ರತಿ ಆರು ತಿಂಗಳಿಗೊಮ್ಮೆ ಸೇರುತ್ತದೆ. ನೀವು ನಿವೃತ್ತರಾದ ಮೇಲೂ ಸೇರುತ್ತದೆ. ಅದಕ್ಕೆ ಆಟಿ ಅಡ್ಡಬರುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ‘ಮೌಖಿಕ ಒಪ್ಪಿಗೆ’ ಎಂಬ ಹೆಸರಿನಿಂದ ಗುರುತಿಸಲ್ಪಟ್ಟಿರುವ,
ಒಂದು ಸಲ ನಕ್ಕು ‘ಆಯ್ತು’ ಎಂದ,
ವಾರಿಜಾ
ಕಡಿಯಾಳಿ, ಉಡುಪಿ
10 ಜುಲೈ 2009

(ಈ ಸಲ ಲಿಖಿತವಾಗಿ.)